ಒಳಗಿನ ಚಿತ್ರದ ಬೆಲೆ

ನೆಲದೊಳಗೆ ಕಾಣದಿರುವುದನ್ನು ಕಂಡು ಹೇಳುವವನಿಗೆ ಹಣ ಕೊಡುವ ಪದ್ಧತಿ ಚೆನ್ನರಾಯಪಟ್ಟಣದ ಸೀಮೆಗೆ ಹೊಸದಲ್ಲ. ದಂಡಿಗನಹಳ್ಳಿ ಹೋಬಳಿಯ ಯಾವ ತೆಂಗಿನ ತೋಟದಲ್ಲಿ ನಿಂತು ಕೇಳಿದರೂ, ಕೊಳವೆಬಾವಿ ತೆಗೆಯಿಸುವುದಕ್ಕೆ ಮೊದಲು ಅಂಗೈಮೇಲೆ ಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿದ ಒಬ್ಬಾತನ ಕಥೆ ದೊರೆಯುತ್ತದೆ. ಅವನ ತರುವಾಯ ಯಂತ್ರ ತಂದು ನೆಲಕ್ಕೆ ತಂತಿ ನೆಟ್ಟ ಭೂವಿಜ್ಞಾನಿಯ ಕಥೆಯೂ ದೊರೆಯುತ್ತದೆ. ಇಬ್ಬರೂ ತೋರಿಸಿದೆಡೆಯಲ್ಲಿ ನೀರು ಬಾರದೆ ಹೋದರೂ ಅವರಿಗೆ ಕೊಟ್ಟ ಹಣಕ್ಕಾಗಿ ಯಾರೂ ಬಹಳ ಮರುಗುವುದಿಲ್ಲ. ನೆಲದ ಒಳಗು ಯಾರಿಗೆ ತಿಳಿದೀತು ಎಂದು ಸುಮ್ಮನಾಗುತ್ತಾರೆ. ಆದರೆ ಅದೇ ಜನರು ತಮ್ಮ ಹೊಟ್ಟೆಯ ಒಳಗನ್ನು, ಅದೂ ನೋವಿಲ್ಲದ ಹೊಟ್ಟೆಯ ಒಳಗನ್ನು, ಹಣ ಕೊಟ್ಟು ನೋಡಿಸಬೇಕೆಂದರೆ ಹಿಂದೆಗೆಯುತ್ತಾರೆ. ಇದು ಹಳ್ಳಿಯವರ ಮೌಢ್ಯವೆಂದು ಪೇಟೆಯವರು ಹೇಳುವುದುಂಟು. ಲೆಕ್ಕ ಹಾಕಿ ನೋಡಿದವರಿಗೆ ಅಷ್ಟು ಸುಲಭವಾಗಿ ಹಾಗೆನ್ನಲು ಬಾಯಿ ಬಾರದು.

ಲೆಕ್ಕ ಹಾಕಿ ನೋಡಿದವರೊಬ್ಬರು ಈ ಹೋಬಳಿಯಲ್ಲಿದ್ದಾರೆ. ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನು ಹೇಳಿಕೊಟ್ಟು, ಐವತ್ತೆಂಟನೆಯ ವಯಸ್ಸಿನಲ್ಲಿ ವಿಶ್ರಾಂತರಾಗಿ, ಎರಡೆಕರೆ ತೆಂಗು ನೋಡಿಕೊಂಡಿರುವ ಮೇಷ್ಟರು ಇವರು. ಕೆಲಸ ಬಿಟ್ಟರೂ ಜಮಾಖರ್ಚು ಬರೆಯುವ ಅಭ್ಯಾಸವನ್ನು ಅವರು ಬಿಟ್ಟಿಲ್ಲ. ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಎಲೆ ಅಡಿಕೆಯ ಹಣವೂ ಅದರಲ್ಲಿ ತಪ್ಪಿಸಿಕೊಳ್ಳಲಾರದು. ಮನೆಯಾಕೆಗೆ ಈ ಪುಸ್ತಕದ ಮೇಲೆ ಅಂಥ ಪ್ರೀತಿಯೇನೂ ಇಲ್ಲ.

ಮೇಷ್ಟರ ಅಣ್ಣ ಅವರಿಗಿಂತ ಮೂರು ವರ್ಷಕ್ಕೆ ಹಿರಿಯ. ಭಾಗವಾಗಿ ಪಕ್ಕದ ಊರಿನಲ್ಲಿದ್ದವರು. ಅವರಿಗೆ ಬಯಲಕಡೆಗೆ ಹೋದಾಗ ರಕ್ತ ಬೀಳುತ್ತಿದ್ದುದು ಒಂದೂವರೆ ವರ್ಷದ ಮಾತು. ಹೇಳಿಕೊಳ್ಳಲು ನಾಚಿಕೆಯ ಜಾಗ. ಹೇಳಿಕೊಂಡಾಗಲೂ ಕೇಳಿದವರೆಲ್ಲರೂ ಒಮ್ಮತದಿಂದ ಮೂಲವ್ಯಾಧಿಯೆಂದರು. ಬೇರು ಅರೆದು ಕುಡಿದದ್ದಾಯಿತು, ಖಾರ ಬಿಟ್ಟದ್ದಾಯಿತು, ಮಜ್ಜಿಗೆಗೆ ಮೆಂತ್ಯ ಹಾಕಿ ಕುಡಿದದ್ದಾಯಿತು. ಮಧ್ಯೆ ಮಧ್ಯೆ ರಕ್ತ ನಿಂತು ಆಸೆ ಹುಟ್ಟಿಸುತ್ತಿತ್ತು. ಮೂಲವ್ಯಾಧಿಯ ರಕ್ತಕ್ಕೂ ದೊಡ್ಡ ಕರುಳಿನ ಕ್ಯಾನ್ಸರಿನ ರಕ್ತಕ್ಕೂ ನೋಡುವ ಕಣ್ಣಿಗೆ ಭೇದವಿಲ್ಲದಿರುವುದು ಈ ರೋಗದ ದೊಡ್ಡ ಕಪಟ. ಕೊನೆಗೆ ಮರ ಹತ್ತುವವರನ್ನು ಕರೆಯಲು ಹೋದ ಅಣ್ಣ ದಾರಿಯಲ್ಲೇ ಕುಳಿತುಬಿಟ್ಟಾಗ, ಮೈಯಲ್ಲಿ ರಕ್ತವೇ ಇಲ್ಲವೆಂಬುದು ಗೊತ್ತಾಯಿತು. ಹಾಸನಕ್ಕೆ ಕರೆದೊಯ್ದು ಕೊಳವೆ ಬಿಟ್ಟು ನೋಡಿಸಿ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳುಹಿಸಿದರು. ೧೯೭೩ರಲ್ಲಿ ಸ್ಥಾಪಿತವಾದ ಆ ಆಸ್ಪತ್ರೆಯ ಅಂಗಳದಲ್ಲಿ ನಿಂತರೆ ರಾಜ್ಯದ ಎಲ್ಲ ಜಿಲ್ಲೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಶಸ್ತ್ರಚಿಕಿತ್ಸೆಯಾಯಿತು, ಅದರ ಮೇಲೆ ತಿಂಗಳುಗಟ್ಟಲೆ ಔಷಧವೂ ಆಯಿತು. ಅಣ್ಣನ ಮನೆಯಲ್ಲಿ ಬಡತನದ ಪಡಿತರ ಚೀಟಿಯಿದ್ದುದರಿಂದ, ೨೦೧೮ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕದ ಏರ್ಪಾಟಿನಲ್ಲಿ ಚಿಕಿತ್ಸೆಯ ಮುಖ್ಯವಾದ ಖರ್ಚನ್ನೆಲ್ಲ ಸರ್ಕಾರವೇ ಹೊತ್ತುಕೊಂಡಿತು. ಅಂಥ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಅದರಲ್ಲಿ ಅವಕಾಶವುಂಟು. ಓಡಾಟ, ಊಟ, ಕೊಠಡಿ ಬಾಡಿಗೆ, ತೋಟ ಪಾಳುಬಿದ್ದ ನಷ್ಟ ಇವು ಮಾತ್ರ ಮನೆಯವರ ಪಾಲಿಗೆ ಉಳಿದುವು.

ಮನೆಗೆ ಕಳುಹಿಸುವ ದಿನ ಕಾಗದಗಳನ್ನು ಕೊಡುತ್ತ ಡಾಕ್ಟರು, “ಇವರ ಜೊತೆ ಹುಟ್ಟಿದವರು ಎಷ್ಟು ಜನ?” ಎಂದು ವಿಚಾರಿಸಿದರು. “ನಾನು, ನಮ್ಮ ತಂಗಿ, ಇಬ್ಬರು” ಎಂದರು ಮೇಷ್ಟರು. ಒಡಹುಟ್ಟಿದವರಲ್ಲೊಬ್ಬರಿಗೆ ಈ ಕ್ಯಾನ್ಸರು ಬಂದಿದ್ದರೆ ಉಳಿದವರಿಗೆ ಅದು ಬರುವ ಸಂಭವ ಇತರರಿಗಿರುವುದಕ್ಕಿಂತ ಸುಮಾರು ಎರಡರಷ್ಟೆಂದೂ, ನಲವತ್ತು ದಾಟಿದ ಮೇಲೆ ಒಮ್ಮೆ ಕರುಳನ್ನು ನೋಡಿಸುವುದು ಒಳ್ಳೆಯದೆಂದೂ ಡಾಕ್ಟರು ತಿಳಿಸಿದರು. ತಂಗಿಯನ್ನು ಹೊಳೆನರಸೀಪುರದ ಕಡೆಗೆ ಕೊಟ್ಟಿತ್ತು. ಆಕೆ ಅಂದು ಅಲ್ಲಿರಲಿಲ್ಲ. ಮಾತು ಕೇಳಿಸಿಕೊಂಡವರು ಮೇಷ್ಟರೊಬ್ಬರೇ.

ದೊಡ್ಡ ಕರುಳಿನ ಕ್ಯಾನ್ಸರು ಸಾಮಾನ್ಯವಾಗಿ ಒಂದೇ ಸಲಕ್ಕೆ ಎರಗುವ ರೋಗವಲ್ಲ. ಕರುಳಿನ ಒಳಗೋಡೆಯಲ್ಲಿ ಮೊದಲು ಚಿಕ್ಕ ಅಣಬೆಯಂತಹ ಗಂಟು ಮೊಳೆಯುತ್ತದೆ. ಅಂಥ ಗಂಟುಗಳಲ್ಲಿ ಬಹುಪಾಲು ಯಾರಿಗೂ ಕೇಡು ಮಾಡದೆ ಇದ್ದುಬಿಡುತ್ತವೆ. ಕೆಲವು ಮಾತ್ರ ಬೆಳೆದು, ಅನೇಕವೇಳೆ ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಕಾಲ ತೆಗೆದುಕೊಂಡು, ಕ್ಯಾನ್ಸರಿಗೆ ತಿರುಗುತ್ತವೆ. ಈ ನಿಧಾನವೇ ಮನುಷ್ಯನಿಗಿರುವ ಅನುಕೂಲ. ಗಂಟಾಗಿರುವಾಗಲೇ ಕಂಡುಹಿಡಿದು ಕಿತ್ತು ಹಾಕಿದರೆ ರೋಗ ಹುಟ್ಟುವುದೇ ಇಲ್ಲ. ಹೀಗೆ ಕಾಣುವುದಕ್ಕೆ ಹಾದಿಗಳು ಹಲವು. ಮಲದಲ್ಲಿ ಕಣ್ಣಿಗೆ ಕಾಣದಂತೆ ಬೆರೆತ ರಕ್ತವನ್ನು ಪರೀಕ್ಷಿಸುವುದು ಒಂದು. ಹಿಂಬದಿಯಿಂದ ಕೊಳವೆ ಬಿಟ್ಟು ಕರುಳಿನ ಉದ್ದಕ್ಕೂ ನೋಡುವ ಕೊಲೊನೋಸ್ಕೋಪಿ ಇನ್ನೊಂದು. ಕೊಳವೆಯನ್ನು ಒಳಕ್ಕೆ ಬಿಡದೆ ಹೊರಗಿನಿಂದಲೇ ಕರುಳಿನ ಚಿತ್ರ ತೆಗೆಯುವುದು ಮತ್ತೊಂದು. ಮೇಷ್ಟರ ಮನಸ್ಸು ನಿಂತದ್ದು ಇದರಲ್ಲಿ. ಅಣ್ಣನಿಗೆ ಕೊಳವೆ ಬಿಟ್ಟ ದಿನ ಬಾಗಿಲ ಹೊರಗೆ ಕುಳಿತಿದ್ದವರಿಗೆ ಆ ಕೊಳವೆಯ ಮೇಲೆ ಒಲವು ಹುಟ್ಟದಿದ್ದರೆ ಆಶ್ಚರ್ಯವಿಲ್ಲ.

ಚಿತ್ರದ ಚರಿತ್ರೆ ಸ್ವಾರಸ್ಯವಾದದ್ದು. ೧೮೯೫ರಲ್ಲಿ ಜರ್ಮನಿಯ ರಾಂಟ್ಗೆನ್ ಮಹಾಶಯನು ಕ್ಷ-ಕಿರಣಗಳನ್ನು ಕಂಡುಹಿಡಿದು, ಅದಕ್ಕೆ ಸ್ವಾಮ್ಯದ ಹಕ್ಕನ್ನು ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟನು. ಎಲುಬು ಆ ಬೆಳಕಿಗೆ ಸಿಕ್ಕಿತು, ಮೆತ್ತಗಿನ ಕರುಳು ಸಿಕ್ಕಲಿಲ್ಲ. ಆದಕಾರಣ ಸುಣ್ಣದ ತಿಳಿಯಂತಹ ಬೇರಿಯಂ ದ್ರವವನ್ನು ಕರುಳಿಗೆ ತುಂಬಿ ಅದರ ನೆರಳನ್ನು ಹಿಡಿಯುವ ಉಪಾಯ ಬಹುಕಾಲ ನಡೆಯಿತು. ೧೯೭೧ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಹೋಳುಹೋಳಾಗಿ ಚಿತ್ರಿಸಿತು. ೧೯೯೪ರಲ್ಲಿ ಅಮೆರಿಕದ ವೈನಿಂಗ್ ಎಂಬ ವೈದ್ಯನು ಆ ಹೋಳುಗಳನ್ನು ಗಣಕಯಂತ್ರದಲ್ಲಿ ಜೋಡಿಸಿ, ಕರುಳಿನ ಓಣಿಯಲ್ಲಿ ಹಾರಿಕೊಂಡು ಹೋದಂತೆ ತೋರಿಸಿದನು. ಸಿ.ಟಿ. ಕೊಲೊನೋಗ್ರಫಿ ಎಂಬ ಹೆಸರು ಬಂದದ್ದು ಆ ಪರೀಕ್ಷೆಗೇ. ೨೦೦೮ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ, ಎರಡೂವರೆ ಸಾವಿರ ಜನ ನೋಡಿಸಿಕೊಂಡದ್ದರಲ್ಲಿ, ಒಂದು ಸೆಂಟಿಮೀಟರೂ ಅದಕ್ಕೆ ಮೇಲೂ ಇರುವ ಗಂಟುಳ್ಳ ನೂರು ಜನರಲ್ಲಿ ತೊಂಬತ್ತು ಮಂದಿಯನ್ನು ಈ ಚಿತ್ರ ಗುರುತಿಸಿತು. ಚಿಕ್ಕ ಗಂಟುಗಳಲ್ಲಿ ಅದರ ದೃಷ್ಟಿ ಅಷ್ಟು ತೀಕ್ಷ್ಣವಲ್ಲ.

ಇನ್ನು ಬೆಲೆಯ ಮಾತು. ಮೇಷ್ಟರು ವಿಚಾರಿಸಿದ ಬೆಂಗಳೂರಿನ ಒಂದು ಕಡೆ ಚಿತ್ರಕ್ಕೆ ಒಂಬತ್ತು ಸಾವಿರ ರೂಪಾಯಿ ಎಂದರು. ಸಿ.ಟಿ. ಯಂತ್ರ ಹಾಸನದಲ್ಲಿಯೂ ಉಂಟು; ಆದರೆ ಕರುಳಿಗೆ ಗಾಳಿ ತುಂಬಿ ತೆಗೆದ ಚಿತ್ರವನ್ನು ಓದುವುದಕ್ಕೆ ಬೇರೆಯ ಅಭ್ಯಾಸ ಬೇಕೆಂದೂ, ಅದನ್ನು ನಿತ್ಯದಲ್ಲಿ ಮಾಡುವ ಕಡೆಗೇ ಹೋಗುವುದು ಮೇಲೆಂದೂ ಡಾಕ್ಟರ ಸಲಹೆ. ಮೇಷ್ಟರು ಯಾವ ಬೆಲೆಯನ್ನೂ ಕೊಬ್ಬರಿಗೆ ಪರಿವರ್ತಿಸಿಕೊಳ್ಳದೆ ನಂಬುವವರಲ್ಲ. ೨೦೨೫ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೧೨,೧೦೦ ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿ ಆ ವರ್ಷ ಅದಕ್ಕಿಂತ ಬಹಳ ಮೇಲೆಯೇ ನಡೆದಿತ್ತು. ಆದರೆ ಮಾರುಕಟ್ಟೆಯ ಬೆಲೆ ಗಾಳಿಗಿಟ್ಟ ದೀಪವೆಂದು ಅವರು ಬೆಂಬಲ ಬೆಲೆಯಲ್ಲೇ ಲೆಕ್ಕ ಮಾಡಿದರು. ಮುಕ್ಕಾಲು ಕ್ವಿಂಟಲ್ ಕೊಬ್ಬರಿ ಎಂದಾಯಿತು. “ಮುಕ್ಕಾಲು ಕ್ವಿಂಟಲಿಗೆ ಒಂದು ಪ್ರಾಣದ ಸಮಾಚಾರ. ದುಬಾರಿಯೇನಲ್ಲ” ಎಂದು ಮನೆಯಾಕೆಗೆ ಹೇಳಿದರು.

“ಬರೀ ಸಮಾಚಾರ ತಾನೆ? ವಾಸಿಮಾಡೋದಕ್ಕೆ ಬೇರೆ ದುಡ್ಡು ಅಲ್ವೇನ್ರೀ?” ಎಂದರು ಆಕೆ.

ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆದು ಸೇರಿದ ಜಾಗಕ್ಕೆ ಆಕೆ ಒಂದೇ ಹೆಜ್ಜೆಯಲ್ಲಿ ಸೇರಿದ್ದರು. ಕೊಳವೆಗೆ ನೋಡುವ ಕಣ್ಣಿನ ಜೊತೆಗೆ ಕೀಳುವ ಕೈಯೂ ಉಂಟು. ಚಿತ್ರಕ್ಕೆ ಕಣ್ಣು ಮಾತ್ರ. ಚಿತ್ರದಲ್ಲಿ ಗಂಟು ಕಂಡರೆ ಅದನ್ನು ತೆಗೆಯಲು ಕೊಳವೆಯನ್ನೇ ಬಿಡಬೇಕು. ಅನೇಕವೇಳೆ ಇನ್ನೊಂದು ದಿನ, ಇನ್ನೊಂದು ಸಲ ಹೊಟ್ಟೆ ತೊಳೆದುಕೊಂಡು, ಇನ್ನೊಂದು ಶುಲ್ಕ ತೆತ್ತು. ಏನೂ ಕಾಣದಿದ್ದರೆ ಐದು ವರ್ಷ ಕಳೆದು ಮತ್ತೆ ಚಿತ್ರ. ಒಂಬತ್ತು ಸಾವಿರವೆಂಬುದು ಬೆಲೆಯಲ್ಲ, ಬೆಲೆಯ ಮೊದಲ ಕಂತು.

ಕೆಂಪು ಪುಸ್ತಕದ ಬಲಗಡೆ ಈ ಕಂತಿನ ಸುತ್ತ ಬೆಳೆದ ಅಂಕಿಗಳು ಇನ್ನೂ ಕುತೂಹಲಕರವಾಗಿವೆ. ಭೇದಿಯ ಔಷಧ, ಕರುಳಿನ ಕಸಕ್ಕೆ ಗುರುತು ಹತ್ತಿಸುವ ದ್ರವ, ಎರಡೂ ಸೇರಿ ಒಂಬೈನೂರು. ಚೆನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ೨೦೧೭ರಿಂದ ರೈಲು ಓಡಾಡುತ್ತದೆ. ಅದರ ದರ ಬಡವನಿಗೂ ಭಾರವಲ್ಲ. ಆದರೆ ಭೇದಿಯ ಔಷಧ ಕುಡಿದ ಮನುಷ್ಯನನ್ನು ಹೊತ್ತುಕೊಂಡು ಹೋಗಲು ಯಾವ ರೈಲನ್ನು ನಂಬುವುದು! ಮೈದುನನ ಮಗನ ಮನೆಯಲ್ಲಿ ಒಂದು ರಾತ್ರಿ ಇದ್ದು, ಅಲ್ಲಿಯೇ ಔಷಧ ಕುಡಿಯುವುದೆಂದು ನಿಶ್ಚಯವಾಯಿತು. ನೆಂಟರ ಮನೆಗೆ ಹೋಗಿ, ಅವರು ಮಾಡಿಟ್ಟ ಒಬ್ಬಟ್ಟನ್ನು ಮುಟ್ಟದೆ, ರಾತ್ರಿಯೆಲ್ಲ ಅವರ ಬಚ್ಚಲ ಬಾಗಿಲನ್ನು ಕಾಯ್ದುಕೊಂಡಿರುವ ಸಂಕೋಚವನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ತಿಳಿಯದೆ ಮೇಷ್ಟರು ಬಿಟ್ಟಿದ್ದಾರೆ. ಹಿಂತಿರುಗುವಾಗ ನಿಶ್ಶಕ್ತಿಯೆಂದು ಕಾರು ಮಾಡಿಕೊಂಡದ್ದು ಮೂರು ಸಾವಿರ. ಮಗ ಕಾರ್ಖಾನೆಗೆ ಎರಡು ದಿನ ರಜಾ ಹಾಕಿದ್ದು, ಕಾಯಿ ಕೀಳಿಸುವ ಬಾರಿ ತಪ್ಪಿ ಒಂದು ವಾರ ತಡವಾದದ್ದು, ಎಲ್ಲವೂ ಒಂದೊಂದು ಸಾಲಾಗಿ ನಿಂತಿವೆ. ಚಿತ್ರ ತೆಗೆದದ್ದು ಮಾತ್ರ ಕಾಲು ಗಂಟೆಯ ಕೆಲಸ. ಹಿಂಬದಿಯಿಂದ ಚಿಕ್ಕ ನಳಿಕೆಯಲ್ಲಿ ಗಾಳಿ ತುಂಬಿದರು. ಅಂಗಾತ ಒಮ್ಮೆ, ಬೋರಲು ಒಮ್ಮೆ ಮಲಗಿಸಿದರು. ಉಸಿರು ಹಿಡಿ ಎಂದರು, ಬಿಡು ಎಂದರು. ಮಂಪರಿನ ಮದ್ದು ಬೇಕಾಗಲಿಲ್ಲ. ಎದ್ದು ಕಾಫಿ ಕುಡಿಯಲು ಅಡ್ಡಿಯಿರಲಿಲ್ಲ.

ಕರುಳು ಶುದ್ಧವಾಗಿತ್ತು. ಆದರೆ ಆ ಯಂತ್ರಕ್ಕೆ ಕರುಳೊಂದನ್ನೇ ನೋಡುವ ದಾಕ್ಷಿಣ್ಯವಿಲ್ಲ. ಹೊಟ್ಟೆಯಲ್ಲಿರುವ ಸಮಸ್ತವನ್ನೂ ಅದು ಚಿತ್ರಿಸುತ್ತದೆ. ಚಿತ್ರದಲ್ಲಿ ಕಂಡದ್ದನ್ನು ಬರೆಯದೆ ಇರಲು ಓದುವ ವೈದ್ಯನಿಗೆ ಧರ್ಮವಿಲ್ಲ. ಮೇಲೆ ಹೇಳಿದ ೨೦೦೮ರ ಪರೀಕ್ಷೆಯಲ್ಲಿ ನೂರಕ್ಕೆ ಅರುವತ್ತಾರು ಜನರಲ್ಲಿ ಕರುಳಿನ ಹೊರಗೆ ಏನಾದರೊಂದು ಕಂಡಿತು. ನೂರಕ್ಕೆ ಹದಿನಾರು ಜನರಲ್ಲಿ ಆ ಕಂಡದ್ದು ಮುಂದಿನ ವಿಚಾರಣೆಯನ್ನೋ ತುರ್ತು ಗಮನವನ್ನೋ ಬೇಡಿತು. ಮೇಷ್ಟರು ಈ ಹದಿನಾರರಲ್ಲಿ ಸೇರಿದರು. ಎಡ ಮೂತ್ರಪಿಂಡದಲ್ಲಿ ಒಂದು ಚೀಲದಂತಹ ನೆರಳು ಇದೆ, ಇನ್ನೊಂದು ಪರೀಕ್ಷೆ ಮಾಡಿಸತಕ್ಕದ್ದು ಎಂದು ವರದಿಯ ಕೊನೆಯ ಸಾಲಿನಲ್ಲಿತ್ತು. ಆ ಪರೀಕ್ಷೆಗೆ ಹಾಸನದಲ್ಲಿ ದಿನ ಸಿಕ್ಕುವವರೆಗೆ, ಸಿಕ್ಕಿ, ತಜ್ಞರು ನೋಡಿ, ಇದು ಬರಿಯ ನೀರಿನ ಚೀಲ, ವಯಸ್ಸಾದವರಲ್ಲಿ ಸಾಮಾನ್ಯ, ಇದಕ್ಕೆ ಏನೂ ಮಾಡಬೇಕಾದ್ದಿಲ್ಲ ಎನ್ನುವವರೆಗೆ, ಇಪ್ಪತ್ತಾರು ದಿನ. ಪರೀಕ್ಷೆಯ ಶುಲ್ಕವೂ ತಜ್ಞರ ಕಾಣಿಕೆಯೂ ಸೇರಿ ಎರಡು ಸಾವಿರವೆಂದು ಪುಸ್ತಕ ಹೇಳುತ್ತದೆ. ಆ ಇಪ್ಪತ್ತಾರು ರಾತ್ರಿ ಮನೆಯಾಕೆ ನಿದ್ದೆ ಮಾಡಿದರೇ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಊರಿನಲ್ಲಿ ಮಾತ್ರ, “ಚೆನ್ನಾಗಿದ್ದ ಹೊಟ್ಟೇನ ತೋರಿಸೋಕೆ ಹೋಗಿ ಕಿಡ್ನೀಗೆ ತಂದ್ಕೊಂಡ್ರಂತೆ ಮೇಷ್ಟ್ರು” ಎಂಬ ಮಾತು ಹರಡಿತು. ಕಿರಣದ ಭಯವನ್ನು ಆಡಿದವರೂ ಉಂಟು. ಅದು ಅಷ್ಟು ದೊಡ್ಡದಲ್ಲ. ಭೂಮಿ ಆಕಾಶಗಳಿಂದ ಎರಡು ಮೂರು ವರ್ಷದಲ್ಲಿ ತಾನಾಗಿ ಮೈಗೆ ಬೀಳುವಷ್ಟು ಕಿರಣವೇ ಈ ಚಿತ್ರಕ್ಕೂ ತಗಲುವುದು.

ಒಂದು ಮನೆಯ ಪುಸ್ತಕವೇ ಹೀಗಾದರೆ ದೇಶಗಳ ಪುಸ್ತಕ ಹೇಗಿದ್ದೀತು! ಅಮೆರಿಕದಲ್ಲಿ ವೃದ್ಧರ ವೈದ್ಯಕ್ಕೆ ಹಣ ಕೊಡುವ ಸರ್ಕಾರಿ ವಿಮೆಯು ೨೦೦೯ರಲ್ಲಿ ಈ ಚಿತ್ರಕ್ಕೆ ಹಣ ಕೊಡುವುದಿಲ್ಲವೆಂದಿತು. ಮರುವರ್ಷ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಒಂದು ಚಿತ್ರಕ್ಕೆ ೪೮೮ ಡಾಲರ್ ಕೊಟ್ಟರೆ ಎಲ್ಲ ಹಾದಿಗಳಲ್ಲಿ ಇದೇ ಅತ್ಯಂತ ದುಬಾರಿ. ೧೦೮ರಿಂದ ೨೦೫ ಡಾಲರಿನೊಳಗೆ ಇಳಿದರೆ ಕೊಟ್ಟ ಹಣಕ್ಕೆ ತಕ್ಕ ಫಲ ದೊರೆತೀತು. ಅದೇ ವಿಮೆ ೨೦೨೫ರ ಜನವರಿಯಿಂದ ಹಣ ಕೊಡಲಾರಂಭಿಸಿದೆ. ಬೇರಿಯಂ ಪರೀಕ್ಷೆಯನ್ನು ಅದೇ ಹೊತ್ತಿಗೆ ಕೈಬಿಟ್ಟಿತು. ಹಾಲೆಂಡಿನವರು ಇನ್ನೊಂದು ಮಗ್ಗುಲಿಂದ ನೋಡಿದರು. ಜನರನ್ನು ಪತ್ರ ಬರೆದು ಕರೆದಾಗ, ಕೊಳವೆಗೆ ನೂರಕ್ಕೆ ೨೨ ಮಂದಿ ಬಂದರೆ ಚಿತ್ರಕ್ಕೆ ೩೪ ಮಂದಿ ಬಂದರು. ಬಂದವರಲ್ಲಿ ಕೆಡುವ ಸ್ಥಿತಿಗೆ ತಲಪಿದ ಗಂಟುಗಳು ಕೊಳವೆಗೇ ಹೆಚ್ಚಾಗಿ ಸಿಕ್ಕಿದುವು. ಕಡೆಗೆ ಕರೆದವರೆಲ್ಲರ ಮೇಲೆ ಹಂಚಿ ನೋಡಿದಾಗ ಎರಡೂ ಹೆಚ್ಚುಕಡಮೆ ಒಂದೇ ಆಯಿತು. ೨೦೧೨ರಲ್ಲಿ ಇದು ಪ್ರಕಟವಾಯಿತು. ಅಷ್ಟೆಲ್ಲ ತೂಗಿ ನೋಡಿದ ಆ ದೇಶ ೨೦೧೪ರಲ್ಲಿ ಎಲ್ಲರಿಗೂ ತಪಾಸಣೆ ಏರ್ಪಡಿಸಿದಾಗ ಆರಿಸಿಕೊಂಡದ್ದು ಚಿತ್ರವನ್ನೂ ಅಲ್ಲ, ಕೊಳವೆಯನ್ನೂ ಅಲ್ಲ. ಅಂಚೆಯಲ್ಲಿ ಮನೆಗೆ ಬರುವ ಮಲಪರೀಕ್ಷೆಯ ಚಿಕ್ಕ ನಳಿಕೆಯನ್ನು.

ಭಾರತದ ಲೆಕ್ಕ ಬೇರೆ. ಚಿತ್ರದ ಶುಲ್ಕ ಇಲ್ಲಿ ಅಮೆರಿಕದ ಒಂದು ಅಂಶ ಮಾತ್ರ. ಆದರೆ ದೊಡ್ಡ ಕರುಳಿನ ಕ್ಯಾನ್ಸರು ಕೂಡ ಇಲ್ಲಿ ಅಲ್ಲಿಗಿಂತ ಹಲವು ಪಟ್ಟು ಕಡಮೆ. ರೋಗ ವಿರಳವಾದಷ್ಟೂ ಒಂದನ್ನು ಕಂಡುಹಿಡಿಯಲು ಹೆಚ್ಚು ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಒಂದು ತೋಟದಲ್ಲಿ ಹತ್ತು ಕಡೆ ನೀರಿದ್ದರೆ ಯಾರು ತೋರಿಸಿದರೂ ಹೆಸರು ಬರುತ್ತದೆ. ಒಂದೇ ಕಡೆ ಇದ್ದರೆ ನೆಲವೆಲ್ಲ ತೂತಾಗಿ ಯಜಮಾನ ಸಾಲಗಾರನಾಗುತ್ತಾನೆ. ೨೦೧೬ರ ಕೇಂದ್ರ ಸರ್ಕಾರದ ಕ್ರಮದಂತೆ ಮೂವತ್ತು ದಾಟಿದವರಿಗೆ ನಡೆಯುವ ತಪಾಸಣೆ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರರ ಕ್ಯಾನ್ಸರಿಗೆ ಸಂಬಂಧಿಸಿದ್ದು. ಕರುಳು ಅದರಲ್ಲಿಲ್ಲ. ಇಡೀ ಜನಸಮೂಹದ ಮಟ್ಟಿಗೆ ಈ ತೀರ್ಮಾನದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ರೋಗಿಯ ಒಡಹುಟ್ಟಿದವರು ಇಡೀ ಜನಸಮೂಹವಲ್ಲ. ಅವರು ಎಷ್ಟು ಜನ, ಎಲ್ಲಿದ್ದಾರೆ ಎಂಬುದು ಆಸ್ಪತ್ರೆಯ ಕಾಗದದಲ್ಲೇ ಬರೆದಿರುತ್ತದೆ. ಹುಡುಕಿಕೊಂಡು ಹೋಗಬೇಕಾದ ಪ್ರಯಾಸವೂ ಇಲ್ಲ. ಅಣ್ಣನ ಹಾಸಿಗೆಯ ತನಕ ಲಕ್ಷಗಳಾಗಿ ಬಂದ ಸಾರ್ವಜನಿಕ ಹಣ, ಅದೇ ರಕ್ತದ ತಮ್ಮನ ಬಾಗಿಲಿಗೆ ಸಾವಿರಗಳಾಗಿಯೂ ಬರಲಿಲ್ಲ. ಬರಬೇಕಾದರೆ ಅವನೂ ಹಾಸಿಗೆ ಹಿಡಿಯಬೇಕು. ಮೇಷ್ಟರು ಈ ಅಂಶವನ್ನು ಬಹಳ ದಿನ ತಿರುವಿಹಾಕಿದರು. ಗಣಿತದಲ್ಲಿ ಇದಕ್ಕೆ ಸಮಾಧಾನವಿಲ್ಲವೆಂಬುದು ಅವರಿಗೆ ತಿಳಿದ ಸಂಗತಿಯೇ.

ಇಷ್ಟರಲ್ಲಿ ತಂಗಿಯ ಮಾತು ಎಲ್ಲರಿಗೂ ಮರೆತಿತ್ತೆಂದರೆ ಅದು ಅನ್ಯಾಯದ ಮಾತಾಗುವುದಿಲ್ಲ. ಅಣ್ಣನಿಗೆ ಆದದ್ದು ಕೇಳಿ ಆಕೆ ಬಂದು ಅತ್ತು ಹೋಗಿದ್ದರು. ಮೇಷ್ಟರು ಬೆಂಗಳೂರಿಗೆ ಹೋಗಿ ಬಂದ ಮೇಲೆ ವರದಿ ಒಳ್ಳೆಯದೆಂದು ಕೇಳಿ ಊರ ದೇವರಿಗೆ ಕಾಯಿ ಒಡೆಸಿದ್ದರು. ಆಕೆಯೂ ಅದೇ ಹೊಟ್ಟೆಯಲ್ಲಿ ಹುಟ್ಟಿದವರೆಂಬುದು, ಎರಡರಷ್ಟೆಂದು ಡಾಕ್ಟರು ಹೇಳಿದ ಸಂಭವ ಹೆಣ್ಣು ಗಂಡು ನೋಡುವುದಿಲ್ಲವೆಂಬುದು, ಮೊದಲು ಹೊಳೆದದ್ದು ಮೇಷ್ಟರ ಮನೆಯಾಕೆಗೆ. “ಅವರ ಯಜಮಾನರು ಇಪ್ಪತ್ತು ಸಾವಿರ ಬಿಚ್ಚುತ್ತಾರೆ ಅಂತ ತಿಳ್ಕೊಂಡಿದೀರಾ? ನೀವು ಚಿತ್ರ ಅಂದರೆ ಅವರು ಬರೋದೇ ಇಲ್ಲ” ಎಂದರು.

ನಾದಿನಿಯ ಮನೆಯ ಸ್ಥಿತಿಯನ್ನು ಆಕೆ ಬಲ್ಲರು. ಮೇಷ್ಟರು ಮತ್ತೆ ಡಾಕ್ಟರನ್ನು ಕಂಡರು. ಅಣ್ಣನಿಗೆ ರೋಗ ಗೊತ್ತಾದದ್ದು ಅರುವತ್ತೊಂದನೆಯ ವಯಸ್ಸಿನಲ್ಲಿ. ಅರುವತ್ತು ದಾಟಿದವರಲ್ಲಿ ಬಂದದ್ದಾದರೆ, ಒಡಹುಟ್ಟಿದವರು ವರ್ಷಕ್ಕೊಮ್ಮೆ ಮಲದ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೂ ಒಪ್ಪತಕ್ಕ ಹಾದಿಯೇ ಎಂದು ಡಾಕ್ಟರು ಹೇಳಿದರು. ಒಂದು ಸಲದ ಪರೀಕ್ಷೆ ಕ್ಯಾನ್ಸರುಳ್ಳ ಹತ್ತು ಜನರಲ್ಲಿ ಸುಮಾರು ಎಂಟು ಜನರನ್ನು ಹಿಡಿಯುತ್ತದೆ. ಗಂಟಿನ ಹಂತದಲ್ಲಿ ಹಿಡಿಯುವುದು ಅದಕ್ಕಿಂತ ಬಹಳ ಕಡಮೆ. ಆದ್ದರಿಂದಲೇ ವರ್ಷವರ್ಷವೂ ಬಿಡದೆ ಮಾಡಿಸಬೇಕು. ರಕ್ತ ಕಂಡಿತೆಂದರೆ ಆಗ ಚಿತ್ರದ ಮಾತಿಲ್ಲ, ನೇರವಾಗಿ ಕೊಳವೆಯೇ. ಶುಲ್ಕ ಕೆಲವು ನೂರು ರೂಪಾಯಿ. ಉಪವಾಸವಿಲ್ಲ, ಭೇದಿಯಿಲ್ಲ, ನೆಂಟರ ಮನೆಯ ಬಚ್ಚಲಿಲ್ಲ.

ಗೌರಿ ಹಬ್ಬಕ್ಕೆ ತಂಗಿ ತವರಿಗೆ ಬಂದಾಗ ಅರಿಸಿನ ಕುಂಕುಮದ ತಟ್ಟೆ ಕೊಟ್ಟಾದ ಮೇಲೆ ಮನೆಯಾಕೆ ಹಾಸನದಿಂದ ತರಿಸಿಟ್ಟಿದ್ದ ಚಿಕ್ಕ ನಳಿಕೆಯನ್ನೂ ಆಕೆಯ ಕೈಗೆ ಕೊಟ್ಟರು. “ಇದೇನತ್ತಿಗೆ, ಬಾಗಿನಕ್ಕೆ ಇದನ್ನೂ ಕೊಡ್ತೀರಾ?” ಎಂದು ಆಕೆ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ, ಇದು ಅಣ್ಣಂಗೆ ಬಂದದ್ದಕ್ಕೇನಾ ಎಂದು ಮೆಲ್ಲಗೆ ಕೇಳಿದರು. ಹೌದೆಂದರು ಅತ್ತಿಗೆ. ಹೇಗೆ ಮಾಡಬೇಕೆಂಬುದನ್ನು ಇಬ್ಬರೂ ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿಕೊಂಡರು. ನಾಲ್ಕು ದಿನದ ಮೇಲೆ ರಕ್ತವಿಲ್ಲವೆಂದು ವರದಿ ಬಂತು. ಮೇಷ್ಟರು ಪುಸ್ತಕದ ಬಲಗಡೆ ತಂಗಿಯ ಹೆಸರು ಬರೆದು ಹಣ ನಮೂದಿಸಿದರು. ಮನೆಯಾಕೆ ಗೋಡೆಯ ಕ್ಯಾಲೆಂಡರಿನ ಕೊನೆಯ ಹಾಳೆಯನ್ನು ತಿರುವಿ, ಮುಂದಿನ ವರ್ಷದ ಗೌರಿ ಹಬ್ಬ ಎಂದು ಬರೆದು, ಅದರ ಕೆಳಗೆ ಒಂದು ಸಣ್ಣ ನಳಿಕೆಯ ಚಿತ್ರ ಬರೆದರು.